ಅಕ್ಕನ ಅಟ್ಟದಲ್ಲಿ ಕೇಳಿದ ಸದ್ದು

ಮನುಷ್ಯನನ್ನು ನಡೆಸುವುದು ಅವನ ವಿವೇಕ ಎಂಬ ವಿಷಯದಲ್ಲಿ ಹಿರಿಯರಲ್ಲಿ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ. ನನ್ನನ್ನು ಮಾತ್ರ ಹಲವು ತಿಂಗಳ ಕಾಲ ನಡೆಸಿದ್ದು ಅಂಗಿಯ ಮೇಲ್ಗುಂಡಿಯ ಹಿಂದೆ, ಗಂಟಲ ಮುಂಭಾಗಕ್ಕೆ ಅಂಟಿಕೊಂಡಿರುವ ಒಂದು ಸಣ್ಣ ಗ್ರಂಥಿ. ಅಲ್ಲಿ ಅಂಥದೊಂದು ಇದೆಯೆಂಬುದೇ ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಅದೂ ನನ್ನ ಅಕ್ಕನ ಒಂದು ವರ್ಷದ ಕೊಬ್ಬರಿ ಹಾಳಾದ ಮೇಲೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತಿಪಟೂರಿನಲ್ಲಿ ಮನೆ, ಹಾಲ್ಕುರಿಕೆ ಕಡೆ ಅಪ್ಪ ಬಿಟ್ಟುಹೋದ ಒಂದಿಷ್ಟು ತೆಂಗಿನ ತೋಟ. ಕಚೇರಿಯಲ್ಲಿದ್ದಷ್ಟು ಕಾಲ ಯಾವ ವಿಷಯಕ್ಕೂ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಆದರೆ ಸುತ್ತಿನ ಹತ್ತಾರು ಮನೆಗಳಲ್ಲಿ ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುವ ಮುಂಚೆ ನನ್ನನ್ನು ಕರೆಸುತ್ತಿದ್ದರು. ನನಗೆ ಕಿವಿ ಇದೆ ಎಂಬ ಹೆಸರಿತ್ತು. ಹೇಳಿಕೊಳ್ಳುವಂಥ ಬೇರೆ ಅಂಗ ನನ್ನಲ್ಲಿ ಇರಲಿಲ್ಲವಾದ್ದರಿಂದ ಆ ಹೆಸರನ್ನು ನಾನು ಜೋಪಾನ ಮಾಡಿಕೊಂಡು ಬಂದಿದ್ದೆ.

ಬಲಿತ ತೆಂಗಿನಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುವುದು ನಮ್ಮ ಕಡೆಯ ಪದ್ಧತಿ. ಕೆಳಗೆ ಆಗಾಗ ಹೊಗೆ ಹಾಕುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯಾಗಿ ಒಳಗೇ ಉರುಳಾಡತೊಡಗಿದರೆ ಅದು ಗಿಟುಕು. ಮಾರುಕಟ್ಟೆಯಲ್ಲಿ ಮರ್ಯಾದೆ ಇರುವುದು ಅದಕ್ಕೇ. ಅಷ್ಟರೊಳಗೆ ಅವಸರ ಮಾಡಿ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಹೋಳುಹೋಳಾಗಿ ಬರುತ್ತದೆ. ಎಣ್ಣೆ ಗಾಣದ ದಾರಿ ಹಿಡಿಯುತ್ತದೆ. ಒಡೆಯದೆ ಒಳಗಿನ ಸಂಗತಿ ತಿಳಿಯಲು ಇರುವುದು ಕಿವಿ ಒಂದೇ.

ಅಪ್ಪ ಹೇಳಿಕೊಟ್ಟಿದ್ದ ಕ್ರಮ ಹೀಗಿತ್ತು. ಕಾಯನ್ನು ಎರಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಒಂದೇ ಸಲ ನಿಧಾನವಾಗಿ ಹೊರಳಿಸಬೇಕು. ಉಸಿರು ಬಿಗಿಹಿಡಿದು ಕೇಳಬೇಕು. ಎಳೆಯದಾದರೆ ಕುಳುಕ್ ಎನ್ನುತ್ತದೆ. ಅರ್ಧ ಆಗಿದ್ದರೆ ಏನೂ ಅನ್ನುವುದಿಲ್ಲ. ಪೂರಾ ಆಗಿದ್ದರೆ ಲೊಡ್ ಎಂದು ಒಂದು ಸದ್ದು, ಮರದ ಪೆಟ್ಟಿಗೆಯಲ್ಲಿ ಏನೋ ಮಗ್ಗುಲು ಬದಲಾಯಿಸಿದ ಹಾಗೆ. "ಜೋರಾಗಿ ಅಲ್ಲಾಡಿಸ್ಬೇಡ ಕಣ್ಲಾ. ಹಂಗ್ ಅಲ್ಲಾಡಿಸಿದ್ರೆ ಯಾವ ಕಾಯಾದ್ರೂ ಒಪ್ಕತ್ತದೆ, ಪೊಲೀಸ್ ಸ್ಟೇಷನ್ನಾಗೆ ಒಪ್ಕಂಡಂಗೆ" ಎನ್ನುತ್ತಿದ್ದ ಅಪ್ಪ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಶೆಟ್ಟಿಕೆರೆಯ ಆಚೆ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಭಾವ ತೀರಿಕೊಂಡ ಹೊಸತರಲ್ಲಿ ಅವಳ ಮೈದುನ, ತೋಟವನ್ನು ತನಗೆ ಗುತ್ತಿಗೆಗೆ ಬಿಟ್ಟು ಅತ್ತಿಗೆ ಆರಾಮವಾಗಿರಲಿ ಎಂದು ಬಹಳ ಮರ್ಯಾದೆಯಿಂದ ಸಲಹೆ ಕೊಟ್ಟಿದ್ದ. ಹಾಗೆ ಕೊಟ್ಟ ತೋಟ ಮನೆಯ ಹೆಂಗಸಿನ ಕೈಗೆ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. "ಕೈಕಾಲು ಗಟ್ಟಿ ಇರೋಗಂಟ ನಾನೇ ಮಾಡ್ತೀನಿ, ನೀನು ಆರಾಮಾಗಿರಪ್ಪ" ಎಂದು ಅಕ್ಕನೂ ಅಷ್ಟೇ ಮರ್ಯಾದೆಯಿಂದ ಅವನಿಗೆ ಕಾಫಿ ಕೊಟ್ಟು ಕಳಿಸಿದ್ದಳು. ಒಂಬತ್ತು ವರ್ಷದಿಂದ ಗೊಬ್ಬರ, ನೀರು, ಆಳುಕಾಳು ಎಲ್ಲ ಅವಳದೇ. ಕಾಯಿ ಇಳಿಸುವ ದಿನ ಹೇಳುವುದು ಮಾತ್ರ ನನ್ನದು. ಒಂದು ವರ್ಷ ಕೊಬ್ಬರಿ ಕೆಟ್ಟರೆ ಸಾಕು, ಮೈದುನ ಮತ್ತೆ ಅದೇ ಮರ್ಯಾದೆಯೊಂದಿಗೆ ಜಗಲಿಗೆ ಬಂದು ಕೂರುತ್ತಾನೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ದಸರೆ ಕಳೆದ ಮೇಲೆ ನಾನು ಸೊರಗತೊಡಗಿದೆ. ಊಟ ಮಾತ್ರ ಹೆಚ್ಚಾಯಿತು.

"ಏನ್ರೀ, ಮೂರು ಮುದ್ದೆ ಉಂಡ್ರೂ ಪ್ಯಾಂಟು ಜಾರ್ತೈತಲ್ಲ, ಎಲ್ಲಿಗೆ ಹೋಯ್ತೈತೆ ಅದೆಲ್ಲ?" ಎಂದಳು ಹೆಂಡತಿ.

"ಚಿಂತೆಗೆ ಹೋಗುತ್ತೆ" ಎಂದೆ.

"ಯಾವ ಚಿಂತೆ?"

"ಪ್ಯಾಂಟು ಜಾರೋ ಚಿಂತೆ."

ಪರಿಚಯದವರೆಲ್ಲ ಶುಗರ್ ಇರಬೇಕು ಎಂದರು. ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದೆ. ಸಕ್ಕರೆ ಇರಲಿಲ್ಲ. ಸಕ್ಕರೆ ಇಲ್ಲವೆಂದು ಚೀಟಿ ಬಂದ ಮೇಲೆ ನಮ್ಮ ಊರಿನಲ್ಲಿ ಬೇರೆ ಕಾಯಿಲೆ ಇರಲು ಅವಕಾಶವೇ ಇಲ್ಲವಾದ್ದರಿಂದ, ನಾನು ಆರೋಗ್ಯವಂತನೆಂದು ತೀರ್ಮಾನವಾಯಿತು. ಆರೋಗ್ಯವಂತನಾದ ನಾನು ಚಳಿಗಾಲದಲ್ಲಿ ಫ್ಯಾನು ಹಾಕಿಕೊಂಡು ಕೂರುತ್ತಿದ್ದೆ. ಕಾಫಿಯ ಲೋಟ ಬಟ್ಟಲಿನ ಮೇಲೆ ಟಿಣಿಟಿಣಿ ಎನ್ನುತ್ತಿತ್ತು. ಹಾಲಿನವನು ಎರಡು ನಿಮಿಷ ತಡಮಾಡಿದ್ದಕ್ಕೆ ಅವನ ವಂಶದ ಬಗ್ಗೆ ಮಾತಾಡಿ, ಮರುದಿನದಿಂದ ನಾವೇ ಡೈರಿಗೆ ಹೋಗಬೇಕಾಯಿತು. ಕಣ್ಣು ಸ್ವಲ್ಪ ಮುಂದಕ್ಕೆ ಬಂದಂತಾಗಿ, ಸುಮ್ಮನೆ ನೋಡಿದರೂ ಗುರಾಯಿಸಿದಂತೆ ಕಾಣುತ್ತಿತ್ತಂತೆ. ಆಮೇಲೆ ಪಕ್ಕದ ಮನೆಯವರ ಕಾಟ. ಬೆಳಗಾದರೆ ಅವಲಕ್ಕಿ ಕುಟ್ಟಲು ಶುರು ಮಾಡುತ್ತಿದ್ದರು.

"ಯಾರ್ರೀ ಕುಟ್ಟೋದು? ಅವ್ರು ಮನೆ ಬೀಗ ಹಾಕ್ಕಂಡು ಹೋಗಿ ಎಂಟು ದಿನ ಆಯ್ತು" ಎಂದಳು ಹೆಂಡತಿ.

"ಹಾಗಾದರೆ ಆಚೆ ಮನೆಯವರು" ಎಂದೆ. ಯಾರೋ ಕುಟ್ಟುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ನವೆಂಬರಿನಲ್ಲಿ, ಪಿಂಚಣಿದಾರರು ತಾವು ಬದುಕಿರುವುದಾಗಿ ಬರೆದುಕೊಡುವ ಹಬ್ಬ ಬಂತು. ಬ್ಯಾಂಕಿನಲ್ಲಿ ಸಹಿ ಹಾಕಿ ಕೊಟ್ಟೆ. ಕಿಟಕಿಯ ಹಿಂದಿನ ಹುಡುಗಿ ಅದನ್ನೂ ಕಂಪ್ಯೂಟರನ್ನೂ ಎರಡೆರಡು ಸಲ ನೋಡಿದಳು.

"ಸಾರ್, ಸೈನ್ ಮ್ಯಾಚ್ ಆಗ್ತಿಲ್ಲ."

"ಈಗ ನಿನ್ನ ಎದುರಿಗೇ ಹಾಕಿದೆನಲ್ಲಮ್ಮ."

"ಹಾಕಿದ್ದು ನೀವೇ ಸಾರ್. ಆದ್ರೆ ಇದು ನಿಮ್ದಲ್ಲ."

ಮೂರು ಸಲ ಹಾಕಿದೆ. ಮೂರೂ ಬೇರೆ ಬೇರೆಯವರದಾದವು. ನಾನು ಬದುಕಿರುವುದನ್ನು ಬ್ಯಾಂಕು ಒಪ್ಪಿಕೊಂಡಿತು. ಬದುಕಿರುವವನು ನಾನೇ ಎಂಬುದನ್ನು ಒಪ್ಪಿಕೊಳ್ಳಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಳು. ಮೂವತ್ತು ವರ್ಷ ಪರರ ಹೆಬ್ಬೆರಳಿಗೆ ಮಸಿ ಹಚ್ಚಿದವನು ನಾನು. ಆ ಹುಡುಗಿಯ ಮೇಲೆ ಕೂಗಾಡಿ ಹೊರಗೆ ಬಂದು, ಯಾಕೆ ಕೂಗಾಡಿದೆ ಎಂದು ಯೋಚಿಸುವಷ್ಟು ಪುರುಸೊತ್ತಿಲ್ಲದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಪುರುಸೊತ್ತಿರಲಿಲ್ಲ. ಮಾಡುವ ಕೆಲಸವೂ ಇರಲಿಲ್ಲ.

ಈ ಅವಸರದಲ್ಲೇ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ಯಾರೂ ಕರೆಯದೆ, ಅಕ್ಕನ ಮನೆಗೆ ಹೋದೆ. ಅವಳು ಕಾಯಿ ಅಟ್ಟಕ್ಕೆ ಹಾಕಿದ್ದು ಯುಗಾದಿ ಆದಮೇಲೆ. ಎಂಟು ತಿಂಗಳು ಆಗಿತ್ತಷ್ಟೆ.

"ಏನ್ಲಾ ಹಿಂಗ್ ಒಣಗಿದ್ದೀಯ?" ಎಂದಳು ನೋಡಿದವಳೇ.

"ಆಮೇಲೆ ಹೇಳ್ತೀನಿ. ಅಟ್ಟ ನೋಡೋಣ ನಡಿ."

"ಮಾಘ ಕಳೀಲಿ ಬುಡಪ್ಪ. ಇವಾಗೇನು ನೋಡೋದು?"

ನಾನಾಗಲೇ ಏಣಿಯ ಮೇಲಿದ್ದೆ. ಅಟ್ಟದಲ್ಲಿ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಒಂದು ಕಾಯಿ ತೆಗೆದುಕೊಂಡು ಕಿವಿಗೆ ಹಿಡಿದೆ. ಲೊಡ್. ಇನ್ನೊಂದು. ಲೊಡ್ ಲೊಡ್. ಮೂಲೆಯದು, ನಡುವಿನದು, ಕೆಳಗಿನ ಸಾಲಿನದು. ಎಲ್ಲವೂ ಒಂದೇ ರೀತಿ, ಹೊರಳಿಸುವ ಮುಂಚೆಯೇ ಮಾತಾಡುತ್ತಿದ್ದವು. ಎಂಟೇ ತಿಂಗಳಿಗೆ ಇಷ್ಟು ಚೆನ್ನಾಗಿ ಆದ ಕಾಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆ ಮಾತು ಆಗಲೇ ನನ್ನನ್ನು ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ.

"ಆಗೈತೆ ಅಕ್ಕ. ನಾಳೇನೇ ಇಳಿಸು."

ಆ ಹೊತ್ತಿಗೆ, ಪಕ್ಕದ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಮುದುಕನೊಬ್ಬ ನೀರು ಕುಡಿಯಲು ಬಂದಿದ್ದ. ಹುಳಿಯಾರಿನ ಕಡೆಯವನು. ಮಟ್ಟೆ ಸುಲಿಯುವುದರಲ್ಲಿ ಅವನಷ್ಟು ಸಲೀಸಾದ ಕೈ ಆ ಸುತ್ತಿನಲ್ಲಿಲ್ಲ. ನಾನು ಕೆಳಗೆ ಹಾಕಿದ್ದ ಕಾಯೊಂದನ್ನು ಎತ್ತಿ ಹೊರಳಿಸಿದ.

"ನಂಗ್ಯಾಕೋ ಸದ್ದೇ ಕೇಳಿಸ್ಲಿಲ್ಲ ಯಜಮಾನ್ರೆ. ಇನ್ನೂ ಕಚ್ಕಂಡೈತೆ ಅನ್ಸುತ್ತೆ."

"ನಿನ್ನ ಕೆಲಸ ಸುಲಿಯೋದು. ಕೇಳೋದು ನನ್ನ ಕೆಲಸ."

"ಹಂಗೇ ಆಗ್ಲಿ ಬುಡಿ" ಎಂದು ಅವನು ಚೊಂಬು ಕೆಳಗಿಟ್ಟ.

ಅಕ್ಕ ಮಾತ್ರ ಬಿಡಲಿಲ್ಲ. "ಎಂಟೇ ತಿಂಗ್ಳು ಕಣ್ಲಾ. ಯಾವತ್ತಾದ್ರೂ ಎಂಟು ತಿಂಗ್ಳಿಗೆ ಇಳಿಸಿದ್ದು ಉಂಟಾ? ಒಂದು ಒಡೆದು ನೋಡಾನ ಇರು" ಎಂದು ಮಚ್ಚು ತರಲು ಎದ್ದಳು.

ಒಂದು ಕಾಯಿ ಒಡೆದು ನೋಡುವುದು ಪ್ರಪಂಚದಲ್ಲಿ ಅತ್ಯಂತ ನ್ಯಾಯವಾದ ಮಾತು. ಅದು ನನ್ನ ಕಿವಿಗೆ ಮಾಡಿದ ಅವಮಾನವಾಗಿ ಕಂಡಿತು. ಏಣಿಯ ಮೇಲೆ ನಿಂತೇ ಕೂಗಿದೆ: "ನನ್ನ ಕಿವಿ ಮೇಲೆ ನಂಬಿಕೆ ಇಲ್ಲದಿದ್ದರೆ ವರ್ಷ ವರ್ಷ ಯಾಕೆ ಕರೀತೀಯ? ನಿಂಗೆ ತೋಟ ಮಾಡೋದಕ್ಕೆ ಬರಲ್ಲ ಅಕ್ಕ, ಮೊದಲಿಂದ್ಲೂ ಬರಲ್ಲ. ನಿನ್ನ ಮೈದುನ ಹೇಳಿದ್ದೇ ಸರಿ. ಅವನಿಗೆ ಬಿಟ್ಟುಕೊಟ್ಟು ಒಂದು ಮೂಲೇಲಿ ಕೂತ್ಕೋ."

ಸುಲಿಯುವ ಮುದುಕ ಚೊಂಬನ್ನು ಮತ್ತೆ ಕೈಗೆತ್ತಿಕೊಂಡು, ಅದರಲ್ಲಿ ನೀರಿಲ್ಲದಿದ್ದರೂ ಕುಡಿಯತೊಡಗಿದ. ಅಕ್ಕ ಮಚ್ಚು ತರಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಮುದುಕನ ಕಡೆ ತಿರುಗಿ, "ನಾಳೆ ಬಾರಪ್ಪ. ಇಳಿಸಾನ" ಎಂದಳು.

ಎರಡು ದಿನದಲ್ಲಿ ಇಳಿಸಿ, ಸುಲಿದು, ಮೂರನೆಯ ದಿನ ಒಡೆಯಲು ಕೂತರು. ನಾನಿರಲಿಲ್ಲ, ಸುಲಿಯುವವನಿಂದ ಆಮೇಲೆ ಕೇಳಿದೆ. ಮೊದಲ ಕಾಯಿ ಹೋಳಾಗಿ ಬಂತು. ಹತ್ತನೆಯದೂ ಹೋಳು. ನೂರು ಒಡೆಯುವಷ್ಟರಲ್ಲಿ ಇಡಿಯಾಗಿ ಎದ್ದ ಗಿಟುಕನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಕೆಲವು ಕಾಯಿಗಳಲ್ಲಿ ಇನ್ನೂ ನೀರಿನ ಪಸೆ ಇತ್ತು. ಮಟ್ಟೆ ಸುಲಿದ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕಿ ಪ್ರಯೋಜನವಿಲ್ಲ. ಅಕ್ಕ ಹೋಳುಗಳನ್ನು ಅಂಗಳದಲ್ಲಿ ಹರವಿದಳಂತೆ. ಸಂಜೆಗೆ ಮೋಡವಾಯಿತು. ಮೂರು ದಿನ ಬಿಸಿಲು ಕಾಣಲಿಲ್ಲ. ಬೂಷ್ಟು ಹಿಡಿಯಿತು. ನಾಲ್ಕನೆಯ ದಿನ ಮೈದುನ ಜಗಲಿಗೆ ಬಂದು ಕೂತು, "ನೋಡಿ ಅತ್ತಿಗೆ, ನಾನು ಬ್ಯಾಡ ಅಂತಿರ್ಲಿಲ್ವಾ" ಎಂದನಂತೆ. ಯುಗಾದಿಗೆ ಹೇಳ್ತೀನಿ ಎಂದಳಂತೆ ಅಕ್ಕ. ಒಂಬತ್ತು ವರ್ಷದಲ್ಲಿ ಅವಳು ಅವನಿಗೆ ಇಲ್ಲ ಎನ್ನದೆ ಕಳಿಸಿದ್ದು ಅದೇ ಮೊದಲು.

ಅವಳು ನನಗೆ ಫೋನು ಮಾಡಲಿಲ್ಲ. ನನ್ನ ಹೆಂಡತಿಗೆ ಮಾಡಿದಳು.

"ನಿನ್ ಗಂಡಂಗೆ ಏನೋ ಆಗೈತೆ ಕಣೇ. ನಮ್ಮಪ್ಪನ ಮಗ ಹಂಗೆ ಕಾಯಿ ಹಿಡಿಯಲ್ಲ. ಅವನು ಹೊರಳಿಸ್ತಾನೇ ಇಲ್ಲ, ಕೈಯೇ ಹೊರಳಾಡ್ತೈತೆ. ಯಾರಾದ್ರೂ ಡಾಕ್ಟ್ರಿಗೆ ತೋರ್ಸು."

ಹೀಗೆ, ತಿಪಟೂರಿನ ಪ್ರಯೋಗಶಾಲೆಯ ಸೂಜಿಗೆ ಸಿಗದಿದ್ದ ಕಾಯಿಲೆ ಶೆಟ್ಟಿಕೆರೆಯಾಚೆಯ ಹೆಂಗಸೊಬ್ಬಳ ಕಣ್ಣಿಗೆ ಸಿಕ್ಕಿತ್ತು. ಅದೂ ನಾನು ಅವಳನ್ನು ಬೈಯುತ್ತಿದ್ದ ಹೊತ್ತಿನಲ್ಲಿ.

ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳು ಅಗಲಿಸಿ, ಮೇಲೊಂದು ಬಿಳಿ ಹಾಳೆ ಇಟ್ಟಳು. ಹಾಳೆ ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ಪಟಪಟ ಎನ್ನತೊಡಗಿತು. ಕೋಣೆಯಲ್ಲಿ ಗಾಳಿ ಇರಲಿಲ್ಲ. ನೀರು ಕುಡಿಸಿ, ನುಂಗುವಾಗ ಗಂಟಲನ್ನು ಬೆರಳಲ್ಲಿ ಹಿಡಿದು ನೋಡಿದಳು. ಸ್ಟೆತಾಸ್ಕೋಪನ್ನು ಎದೆಗಿಟ್ಟಳು, ಆಮೇಲೆ ಕತ್ತಿಗೆ ಇಟ್ಟಳು.

"ಕಿವೀಲಿ ಏನಾದ್ರೂ ಸದ್ದು ಕೇಳ್ಸುತ್ತಾ ನಿಮಗೆ?"

"ನನಗಿಲ್ಲ. ಪಕ್ಕದ ಮನೆಯವರು ಅವಲಕ್ಕಿ ಕುಟ್ಟುತ್ತಾರೆ, ಅದೊಂದು."

ಅವಳು ಹೆಂಡತಿಯ ಮುಖ ನೋಡಿದಳು. ಹೆಂಡತಿ ಇಲ್ಲ ಎಂದು ತಲೆಯಾಡಿಸಿದಳು. ಡಾಕ್ಟರು ಕೊಳವೆಗಳನ್ನು ತನ್ನ ಕಿವಿಯಿಂದ ತೆಗೆದು ನನ್ನ ಕಿವಿಗೆ ಹಾಕಿ, ಬಿಲ್ಲೆಯನ್ನು ನನ್ನದೇ ಎದೆಯ ಮೇಲೆ ಒತ್ತಿ ಹಿಡಿದಳು.

ಲೊಡ್ ಲೊಡ್. ಲೊಡ್ ಲೊಡ್. ಲೊಡ್ ಲೊಡ್.

ಅಕ್ಕನ ಅಟ್ಟದಲ್ಲಿದ್ದ ಪ್ರತಿಯೊಂದು ಕಾಯೂ ಅದರಲ್ಲಿತ್ತು. ಮೂಲೆಯದು, ನಡುವಿನದು, ಕೆಳಗಿನ ಸಾಲಿನದು. ನಾನು ಕೇಳಿದ್ದು ಕೊಬ್ಬರಿಯನ್ನಲ್ಲ. ನನ್ನ ಎದೆ ಕಿವಿಯಲ್ಲಿ ಬಡಿಯುತ್ತಿತ್ತು; ಮಟ್ಟೆ ಕಿವಿಗೆ ಒತ್ತಿದಷ್ಟೂ ಹೊರಗಿನ ಸದ್ದು ಅಡಗಿ ಅದೇ ಜೋರಾಗಿತ್ತು. ಎಪ್ಪತ್ತರ ಹತ್ತಿರದ ಹೆಂಗಸಿನ ಒಂದು ವರ್ಷದ ಫಸಲನ್ನು ನಾನು ನನ್ನ ನಾಡಿ ನೋಡಿ ಇಳಿಸಿದ್ದೆ.

ರಕ್ತದ ಫಲಿತಾಂಶ ಎರಡು ದಿನದಲ್ಲಿ ಬಂತು. ಡಾಕ್ಟರು ತಾಳ್ಮೆಯಿಂದ ವಿವರಿಸಿದಳು. ನಾನು ಅದನ್ನು ಕಚೇರಿಯ ಭಾಷೆಗೆ ತಂದುಕೊಂಡು ಅರ್ಥಮಾಡಿಕೊಂಡೆ. ಬೆವರಿನ ಗ್ರಂಥಿಗೆ, ಎಂಜಲಿನ ಗ್ರಂಥಿಗೆ ತಮ್ಮ ಸರಕು ಸಾಗಿಸಲು ಕೊಳವೆಗಳಿವೆ. ಹಾರ್ಮೋನಿನ ಗ್ರಂಥಿಗಳಿಗೆ ಇಲ್ಲ. ಅವು ತಮ್ಮ ಮಾತನ್ನು ನೇರ ರಕ್ತಕ್ಕೆ ಬಿಡುತ್ತವೆ. ಹಿಂದೆ ಊರಲ್ಲಿ ತಮಟೆ ಬಡಿದು ಸಾರುತ್ತಿದ್ದರಲ್ಲ, ಹಾಗೆ. ಸಾರುವವನು ಎಲ್ಲ ಕೇರಿಯನ್ನೂ ಸುತ್ತುತ್ತಾನೆ, ಆದರೆ ಯಾರಿಗೆ ಸಂಬಂಧಪಟ್ಟ ಮಾತೋ ಅವರು ಮಾತ್ರ ಬಾಗಿಲು ತೆಗೆದು ಈಚೆ ಬರುತ್ತಾರೆ. ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಹೆದರಿಕೆ ಬಂದಾಗ ಸಾರುತ್ತದೆ. ಹೊಟ್ಟೆಯ ಹಿಂದಿನದು ಸಕ್ಕರೆಯ ಲೆಕ್ಕ ನೋಡುತ್ತದೆ. ಗಂಟಲಿನದು ಇಡೀ ದೇಹ ಎಷ್ಟು ಬೇಗ ಉರಿಯಬೇಕು ಎಂಬುದನ್ನು ಸಾರುತ್ತದೆ. ಎದೆ, ಕರುಳು, ಸ್ನಾಯು, ಮಿದುಳು ಎಲ್ಲವೂ ಅದಕ್ಕೆ ಬಾಗಿಲು ತೆಗೆಯುತ್ತವೆ.

ಅದರ ಮೇಲೊಬ್ಬ ಅಧಿಕಾರಿ ಇದ್ದಾನೆ. ಮಿದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಗ್ರಂಥಿ. ರಕ್ತದಲ್ಲಿ ಗಂಟಲಿನ ಹಾರ್ಮೋನು ಕಡಮೆಯಾದರೆ ಕೆಲಸ ಮಾಡು ಎಂದು ಚೀಟಿ ಕಳಿಸುತ್ತದೆ. ಸಾಕಷ್ಟಾದರೆ ಬರೆಯುವುದನ್ನು ನಿಲ್ಲಿಸುತ್ತದೆ. ಇಷ್ಟು ಅಚ್ಚುಕಟ್ಟಾದ ಆಡಳಿತ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನಾನು ನೋಡಿರಲಿಲ್ಲ.

"ನಿಮ್ಮ ರಿಪೋರ್ಟ್ ನೋಡಿ" ಎಂದಳು ಡಾಕ್ಟರು. "ಮೇಲಿನ ಗ್ರಂಥಿ ಚೀಟಿ ಬರೆಯೋದು ಪೂರ್ತಿ ನಿಲ್ಸಿಬಿಟ್ಟಿದೆ. ಆದ್ರೂ ಗಂಟಲಿನದು, ಥೈರಾಯ್ಡ್, ಮಿತಿಮೀರಿ ಕೆಲಸ ಮಾಡ್ತಿದೆ."

"ಯಾರ ಆರ್ಡರಿನ ಮೇಲೆ?"

"ನಿಮ್ಮ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ಒಂದು ವಸ್ತು ತಯಾರು ಮಾಡ್ತಿದೆ. ಅದು ಆ ಚೀಟಿ ಕೂರೋ ಜಾಗದಲ್ಲೇ ಹೋಗಿ ಕೂರುತ್ತೆ. ಥೈರಾಯ್ಡಿಗೆ ವ್ಯತ್ಯಾಸ ಗೊತ್ತಾಗಲ್ಲ."

ಅಂದರೆ ಖೋಟಾ ಸಹಿ. ಸಾಹೇಬರು ಕೈಕಟ್ಟಿ ಕೂತಿದ್ದಾರೆ, ಅವರ ಸಹಿಯಿರುವ ಹುಕುಂಗಳು ಮಾತ್ರ ಬರುತ್ತಲೇ ಇವೆ, ಗುಮಾಸ್ತ ಪಾಪ ಹಗಲು ರಾತ್ರಿ ಟೈಪು ಮಾಡುತ್ತಿದ್ದಾನೆ. ಬ್ಯಾಂಕಿನ ಹುಡುಗಿ ಹಿಡಿದದ್ದನ್ನು ಗಂಟಲ ಗ್ರಂಥಿ ಹಿಡಿದಿರಲಿಲ್ಲ.

ನನಗೆ ಆ ದಿನ ಆದ ಸಮಾಧಾನ ಹೇಳತೀರದು. ಹಾಲಿನವನ ವಂಶ, ಬ್ಯಾಂಕಿನ ಹುಡುಗಿ, ಏಣಿಯ ಮೇಲಿನ ಮಾತು, ಎಲ್ಲಕ್ಕೂ ಒಂದು ಹೆಸರು ಸಿಕ್ಕಿತ್ತು, ಅದಕ್ಕೊಂದು ಮಾತ್ರೆಯೂ ಸಿಕ್ಕಿತ್ತು. ಮರುದಿನವೇ ಫಲಿತಾಂಶದ ಹಾಳೆಗಳನ್ನು ಕವರಿನಲ್ಲಿ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ತಪ್ಪಿತಸ್ಥನನ್ನು ಹಿಡಿದು ತಂದ ದಫೇದಾರನ ಗತ್ತಿನಲ್ಲಿ ಹೋದೆನೆಂದು ಈಗ ನಾಚಿಕೆಯಾಗುತ್ತದೆ.

ಅಕ್ಕ ಅಂಗಳದಲ್ಲಿ, ಬೂಷ್ಟು ಹಿಡಿದ ಹೋಳುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ತಮಟೆ, ಸಾಹೇಬರು, ಖೋಟಾ ಚೀಟಿ, ಎದೆಯ ಸದ್ದು. ಅವಳು ಒರೆಸುವುದನ್ನು ನಿಲ್ಲಿಸದೆ ಕೇಳಿದಳು.

"ಗುಣ ಆಯ್ತೈತಂತಾ?"

"ಮಾತ್ರೆ ಕೊಟ್ಟವ್ರೆ. ವರ್ಷ ಒಂದೂವರೆ ವರ್ಷ ತಗೋಬೇಕು. ಆಯ್ತದಂತೆ."

"ಸದ್ಯ" ಎಂದಳು. ಇನ್ನೊಂದು ಹೋಳು ಕೈಗೆತ್ತಿಕೊಂಡಳು. "ಕಾಯಿ ವಿಷ್ಯ ಬುಡು. ಎದೆ ಬಡ್ಕಂಡಿದ್ದು ನಿಂಗೆ ಕಾಯಿ ಸದ್ದು ಅಂತ ಕೇಳಿಸ್ತು. ಅದು ಕಾಯ್ಲೆ, ಒಪ್ಕತ್ತೀನಿ."

"ಬೈದಿದ್ದೂ ಅದೇ ಕಣಕ್ಕ. ನಾನಲ್ಲ. ಆ ಗ್ರಂಥಿ ಹಂಗೆ ಮಾಡಿಸ್ತದೆ."

ಅಕ್ಕ ಆಗ ಒರೆಸುವುದನ್ನು ನಿಲ್ಲಿಸಿದಳು.

"ನಿನ್ ಗ್ರಂಥಿಗೆ ನನ್ನ ಮೈದುನನ ವಿಷ್ಯ ಹೆಂಗ್ ಗೊತ್ತಾಯ್ತಲಾ?"

ಕವರು ನನ್ನ ತೊಡೆಯ ಮೇಲಿತ್ತು. ಅದರಲ್ಲಿ ಆ ಪ್ರಶ್ನೆಗೆ ಉತ್ತರ ಬರೆದ ಹಾಳೆ ಇರಲಿಲ್ಲ.

"ಸಿಟ್ಟು ಅದರದ್ದಿರ್ಬೋದು" ಎಂದಳು. "ಕೂಗು ಅದರದ್ದಿರ್ಬೋದು. ಮೊದಲಿಂದ್ಲೂ ಬರಲ್ಲ ಅಂದ್ಯಲ್ಲ, ಆ ಮೊದಲಿಂದ್ಲೂ ಅನ್ನೋದು ಯಾರ್ದು? ಮೂರು ತಿಂಗ್ಳ ಕಾಯ್ಲೆ ಒಂಬತ್ತು ವರ್ಷದ ಮಾತು ಆಡ್ತೈತಾ?"

ಅವಳು ಎದ್ದು ಒಳಗೆ ಹೋಗಿ ಕಾಫಿ ತಂದಳು. ಲೋಟವನ್ನು ಪೂರ್ತಿ ತುಂಬಿಸಿರಲಿಲ್ಲ. ಕೈ ನಡುಗಿದರೂ ತುಳುಕದಿರಲಿ ಎಂದು ಅರ್ಧಕ್ಕೇ ನಿಲ್ಲಿಸಿದ್ದಳು. ಅದನ್ನು ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ನನ್ನ ಮೇಲೆ ಒಂದು ವಿಚಾರಣೆ ನಡೆಸಿಕೊಂಡೆ. ಭಾವ ತೀರಿದ ವರ್ಷ, ಅಕ್ಕ ತೋಟ ತಾನೇ ಮಾಡುತ್ತೇನೆಂದಾಗ, ಇದೆಲ್ಲ ಇವಳ ಕೈಲಿ ಆಗುವ ಕೆಲಸವೇ ಎಂದು ನನ್ನ ಮನಸ್ಸಿನಲ್ಲಿ ಬಂದದ್ದು ನಿಜ. ಯಾರಿಗೂ ಹೇಳಿರಲಿಲ್ಲ. ಪ್ರತಿ ವರ್ಷ ಅವಳ ಅಟ್ಟ ಹತ್ತಿ, ಆಗಿದೆ ಎಂದು ಹೇಳಿ ಇಳಿಯುವಾಗ, ನಾನಿಲ್ಲದಿದ್ದರೆ ಇವಳ ಗತಿ ಏನಾಗುತ್ತಿತ್ತು ಎಂಬ ಸುಖವನ್ನೂ ಅನುಭವಿಸಿದ್ದೇನೆ. ಅದು ಮರ್ಯಾದಸ್ಥನೊಬ್ಬನ ಒಳಗೆ ಚಿಪ್ಪಿಗೆ ಕಚ್ಚಿಕೊಂಡು ಕೂತಿದ್ದ ಮಾತು. ಹಾರ್ಮೋನು ಹೊಸ ಮಾತನ್ನೇನೂ ಕಲಿಸಿರಲಿಲ್ಲ. ಇದ್ದದ್ದನ್ನು ಜೋರಾಗಿ ಅಲ್ಲಾಡಿಸಿತ್ತು, ನಾನು ಒಪ್ಪಿಕೊಂಡಿದ್ದೆ.

ಮಾತ್ರೆ ಕೆಲಸ ಮಾಡಿತು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಮಾಡಿತು. ಮೂರು ತಿಂಗಳಿಗೆ ಗ್ರಂಥಿ ಪೂರಾ ಮಂಕಾಗಿ, ನಾನು ಏಪ್ರಿಲ್ ತಿಂಗಳ ಬಿಸಿಲಲ್ಲಿ ಸ್ವೆಟರು ಹಾಕಿಕೊಂಡು ಗೋಣಿಚೀಲದ ಹಾಗೆ ಕುರ್ಚಿಯಲ್ಲಿ ಕೂರತೊಡಗಿದೆ. ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. "ಈ ಡೋಸೇ ಇರ್ಲಿ ಅಂತ ಹೇಳ್ರೀ ಡಾಕ್ಟ್ರಿಗೆ. ಮನೆ ಎಷ್ಟು ನೆಮ್ಮದಿಯಾಗೈತೆ" ಎಂದಳು ಹೆಂಡತಿ. ಡಾಕ್ಟರು ಒಪ್ಪದೆ ಮಾತ್ರೆ ಕಡಮೆ ಮಾಡಿದಳು. ಮಳೆಗಾಲದ ಹೊತ್ತಿಗೆ ಎಲ್ಲವೂ ಒಂದು ಹದಕ್ಕೆ ಬಂತು. ಹೀಗೆ ಒಂದೇ ವರ್ಷದಲ್ಲಿ ಮೂರು ಜನ ನನ್ನ ಪಿಂಚಣಿ ತಿಂದರು. ಕೂಗಾಡುವವನು, ತೂಕಡಿಸುವವನು, ಮತ್ತು ಈಗ ಇದನ್ನು ಬರೆಯುತ್ತಿರುವವನು. ಇವನೇ ಅಸಲಿ ಎಂದು ಹೇಳಲು ನನ್ನ ಹತ್ತಿರ ಇರುವ ಆಧಾರ ಬೆಳಗ್ಗೆ ನುಂಗುವ ಅರ್ಧ ಮಾತ್ರೆ. ಅದು ದೊಡ್ಡ ಆಧಾರವಲ್ಲ. ನಾನು ಸಮಾಧಾನದಿಂದ ಇದ್ದೇನೆ ಎನಿಸಿದ ಹೊತ್ತಿನಲ್ಲೂ ಇದು ನನ್ನ ಸಮಾಧಾನವೋ ಅದರದ್ದೋ ಎಂದು ಅನುಮಾನ ಬರುತ್ತದೆ. ಈ ಅನುಮಾನಕ್ಕೆ ಪರೀಕ್ಷೆ ಇಲ್ಲವಂತೆ, ಕೇಳಿದೆ.

ಈ ನಡುವೆ ಯುಗಾದಿ ಬಂದು ಹೋಗಿತ್ತು. ಅಕ್ಕ ಮೈದುನನಿಗೆ ಏನು ಹೇಳಿದಳು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಂಕಿನ ದಿನಗಳಾದ್ದರಿಂದ ಕೇಳುವ ಆಸಕ್ತಿಯೂ ಇರಲಿಲ್ಲ. ಅವಳು ಮತ್ತೆ ಅಟ್ಟ ತುಂಬಿಸಿದಳೆಂದು ಸುಲಿಯುವ ಮುದುಕ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಆದರೆ ಮೈದುನನೂ ಕಾಯುತ್ತಿದ್ದಾನೆ, ಇದೊಂದು ವರ್ಷ ನೋಡೋಣ ಎಂದಿದ್ದಾನೆ ಎಂದೂ ಹೇಳಿದ.

ಮಾಘ ಬಂದಾಗ ನಾನು ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಕೈ ನಡುಗುತ್ತಿರಲಿಲ್ಲ. ಕಿವಿಯಲ್ಲಿ ಅವಲಕ್ಕಿ ಕುಟ್ಟುವುದು ನಿಂತು ತಿಂಗಳುಗಳಾಗಿದ್ದವು. ನನ್ನ ತೋಟದ ಕಾಯನ್ನು ಹೊರಳಿಸಿ ನೋಡಿ, ಪ್ರತಿಯೊಂದನ್ನೂ ಒಡೆದು ತಾಳೆ ಹಾಕಿದ್ದೆ. ಒಂದೂ ತಪ್ಪಿರಲಿಲ್ಲ. ಅಕ್ಕನಿಂದ ಕರೆ ಬರಲಿಲ್ಲ. ಸಂಬಾರ ಪುಡಿ ಕೊಟ್ಟು ಬರುವ ನೆಪ ಮಾಡಿಕೊಂಡು ನಾನೇ ಹೋದೆ.

ಮನೆಯ ಬಾಗಿಲು ತೆಗೆದಿತ್ತು. ಕೂಗಿದೆ. ಮೇಲಿನಿಂದ ಉತ್ತರ ಬಂತು.

"ಅಟ್ಟದಾಗಿದ್ದೀನಿ ಬಾ. ಏಣಿ ಅಲ್ಲಾಡ್ತೈತೆ, ಹಿಡ್ಕ."

"ನೀನ್ಯಾಕಕ್ಕ ಹತ್ತಿದೆ, ನಾನು ಬರ್ತಿರ್ಲಿಲ್ವಾ? ಇಳಿ, ನಾನು ನೋಡ್ತೀನಿ."

"ನೀನು ಏಣಿ ಹಿಡ್ಕ. ಮ್ಯಾಲಕ್ಕೆ ಬರ್ಬ್ಯಾಡ."

ಹಿಡಿದುಕೊಂಡೆ. ಅವಳ ಪಾದ ನನ್ನ ಕಣ್ಣಿನ ಮಟ್ಟಕ್ಕಿತ್ತು. ಒಡೆದ ಹಿಮ್ಮಡಿ, ಬೆರಳಿಗೆ ಕಾಲುಂಗುರದ ಹಳೆಯ ಗುರುತು. ಮೇಲೆ ಅವಳು ಒಂದು ಕಾಯಿ ತೆಗೆದುಕೊಂಡದ್ದು ತಿಳಿಯಿತು. ಒಂದೇ ಸಲ, ನಿಧಾನವಾಗಿ. ಉಸಿರು ಬಿಗಿಹಿಡಿದದ್ದೂ ತಿಳಿಯಿತು. ಅಪ್ಪ ನನಗೆ ಹೇಳಿಕೊಡುವಾಗ ಅವಳೂ ಅಲ್ಲೇ ಕಸ ಗುಡಿಸುತ್ತಿದ್ದಳು ಎಂಬುದು ನನಗೆ ಆವರೆಗೆ ನೆನಪಾಗಿರಲಿಲ್ಲ. ಕೆಳಗೆ ನಿಂತ ನನಗೂ ಕೇಳಿಸಿತು. ಸಣ್ಣ ಸದ್ದು, ಇನ್ನೂ ಅರೆಬರೆ. ಒಂದು ತಿಂಗಳು ಬೇಕು ಎಂದು ನನ್ನ ಕಿವಿ ಹೇಳಿತು. ನಾನು ಹೇಳಲಿಲ್ಲ.

ಅವಳು ಹತ್ತಿಪ್ಪತ್ತು ಕಾಯಿ ನೋಡಿ ಇಳಿದು ಬಂದು, ಕೈ ಒರೆಸಿಕೊಂಡಳು.

"ಹೆಂಗೈತಕ್ಕ?"

"ಇನ್ನೊಂದು ತಿಂಗ್ಳು ಇರ್ಲಿ" ಎಂದಳು. "ಒಂದು ಒಡೆದು ನೋಡಾನ. ಮಚ್ಚು ತಗಂಬಾ."

ತಂದುಕೊಟ್ಟೆ.

ಅಕ್ಕ ಹನ್ನೊಂದನೆಯ ತಿಂಗಳು ತುಂಬಿದ ಮೇಲೆ ಕಾಯಿ ಇಳಿಸಿದಳು. ಕೊಬ್ಬರಿ ಗಿಟುಕಾಗಿ ಬಂತು. ಮೈದುನ ಕಾಫಿ ಕುಡಿದು ಹೋದ. ತೋಟವನ್ನು ಈಗಲೂ ಅವಳೇ ಮಾಡುತ್ತಿದ್ದಾಳೆ. ಕಾಯಿ ನೋಡಲು ನನ್ನನ್ನು ಕರೆಯುವುದಿಲ್ಲ.